ಸೋಮವಾರದ ಸಾಕ್ಷಿ

ಸೋಮವಾರ ಬೆಳಿಗ್ಗೆ ಬ್ಯಾಡಗಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ದೇವಮಿತ್ರ ಕೊಪ್ಪದ ತನ್ನಷ್ಟಕ್ಕೆ ತಾನು ನಗುತ್ತಿದ್ದ. ಪಕ್ಕದವನು ಮತ್ತೆ ಮತ್ತೆ ತಿರುಗಿ ನೋಡಿದ ಮೇಲೆ ಅದು ಅವನ ಗಮನಕ್ಕೆ ಬಂದು ತುಟಿ ಬಿಗಿದುಕೊಂಡ. ಅರವತ್ತರ ಹತ್ತಿರ ಬಂದವನು, ರಾಣೆಬೆನ್ನೂರಿನ ಕ್ರೈಸ್ತ ಸಭೆಯ ಹಿರಿಯ ಅನ್ನಿಸಿಕೊಂಡವನು, ಮೆಣಸಿನಕಾಯಿಯ ಬಣ್ಣ ಅಳೆಯುವ ಲ್ಯಾಬಿನಲ್ಲಿ ಅರ್ಧ ಆಯುಷ್ಯ ಕಳೆದ ರಸಾಯನಶಾಸ್ತ್ರದ ಮನುಷ್ಯ, ನಿನ್ನೆ ಮೊನ್ನೆ ನಿಶ್ಚಿತಾರ್ಥವಾದ ಹುಡುಗನ ಹಾಗೆ ಬಸ್ಸಿನಲ್ಲಿ ನಗಬಾರದು. ಆದರೆ ಹೆದ್ದಾರಿಯ ಗಾಳಿ ಮುಖಕ್ಕೆ ಬಡಿದ ಕೂಡಲೇ ಬಿಗಿದ ತುಟಿ ಮತ್ತೆ ಸಡಿಲಾಯಿತು. ರಾತ್ರಿ ಒಂದು ಹದ ಮಳೆ ಬಿದ್ದಿತ್ತು. ಹೊಲಗಳು ಕರ್ರಗೆ, ಆಗಷ್ಟೇ ಬಾಚಿದ ತಲೆಯ ಹಾಗೆ ಕಾಣುತ್ತಿದ್ದವು. ಎಲ್ಲವೂ ತನ್ನನ್ನು ಕಂಡು ಖುಷಿಪಡುತ್ತಿವೆ ಎಂಬ ಹುಚ್ಚು ಭಾವನೆ ಬಂದು, ಇದು ಅತಿಯಾಯಿತು ಎಂದು ತನ್ನನ್ನು ತಾನೇ ಗದರಿಸಿಕೊಂಡ. ಜೇಬಿನಲ್ಲಿ ಮೊಬೈಲು ನಡುಗುತ್ತಲೇ ಇತ್ತು. ಸಭೆಯ ವಾಟ್ಸಾಪ್ ಗುಂಪಿನಲ್ಲಿ ನಿನ್ನೆ ಮಧ್ಯಾಹ್ನದಿಂದ ಇದೇ ಮಾತು. ಬೆಂಕಿ ಇಳಿಯಿತು. ನಮ್ಮ ನಾಲಿಗೆಯ ಮೇಲೆ ಬೆಂಕಿ ಇಳಿಯಿತು.

ನಿನ್ನೆ ಪಂಚಾಶತ್ತಮದ ಭಾನುವಾರ. ಮೊದಲ ಶಿಷ್ಯರ ಮೇಲೆ ಪವಿತ್ರಾತ್ಮ ಬೆಂಕಿಯ ನಾಲಿಗೆಗಳ ಹಾಗೆ ಇಳಿಯಿತೆಂದು ನೆನೆಯುವ ಹಬ್ಬ. ಅದರ ಜೊತೆಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ತಿಂಗಳ ಕರ್ತನ ಭೋಜನವೂ ಇತ್ತು. ಸಭಾಪಾಲಕ ಚೇತನಕುಮಾರ ಇನ್ನೂ ಮೂವತ್ತು ದಾಟದವನು. ದ್ರಾಕ್ಷಾರಸದ ಬಟ್ಟಲನ್ನು ಎತ್ತಿ ಆಶೀರ್ವದಿಸಿ ಮೊದಲು ತಾನು ಕುಡಿದ. ಕುಡಿದವನು ಮುಂದಿನ ಮಾತು ಹೇಳದೆ ಕಣ್ಣು ಮುಚ್ಚಿ ನಿಂತುಬಿಟ್ಟ. ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಇಳಿಯಿತು. ಆಮೇಲೆ ಬಟ್ಟಲು ಸಾಲಿನಲ್ಲಿ ಮೊಣಕಾಲೂರಿದವರ ತುಟಿಯಿಂದ ತುಟಿಗೆ ಹೋಯಿತು. ಕೊರೋನಾ ಕಾಲದಲ್ಲಿ ಬಂದ ಪುಟ್ಟ ಪ್ಲಾಸ್ಟಿಕ್ ಲೋಟಗಳನ್ನು ತೆಗೆಸಿ ಈ ಒಂದೇ ಬಟ್ಟಲನ್ನು ಮತ್ತೆ ತಂದವನು ದೇವಮಿತ್ರನೇ. ಅದಕ್ಕಾಗಿ ಸಭೆಯ ಮೀಟಿಂಗಿನಲ್ಲಿ ಎಷ್ಟು ಮಾತು ಕೇಳಿದ್ದ. ಸೈನ್ಸ್ ಓದಿದವರಿಗೆ ಜರ್ಮ್ಸ್ ಅಂದರೆ ಏನಂತ ನಾವು ಹೇಳಿಕೊಡಬೇಕೇನ್ರಿ ಎಂದು, ಆರಾಧನೆಗೆ ಕೀಬೋರ್ಡು ಬೇಕೆನ್ನುವವರ ಮುಂದಾಳು ಮಾಂತೇಶ ಎಲ್ಲರೆದುರು ಕೇಳಿದಾಗ ಹೆಂಗಸರ ಕಡೆಯಿಂದ ಬಂದ ಕಿಸಿಕಿಸಿ ನಗು ಇವತ್ತೂ ಕಿವಿಯಲ್ಲಿದೆ. ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯುವುದೇ ಅದರ ಅರ್ಥ, ಅರ್ಥ ಬಿಟ್ಟು ಕುಡಿಯುವುದಾದರೆ ಮನೆಯಲ್ಲೇ ಶರಬತ್ತು ಕುಡಿಯಬಹುದು ಎಂದು ಅವನು ಉತ್ತರ ಕೊಟ್ಟಿದ್ದ. ಅದೇ ಮಾಂತೇಶ ನಿನ್ನೆ ಬಟ್ಟಲಿಗೆ ಬಾಯಿಟ್ಟ ಮೇಲೆ ಎರಡೂ ಕೈ ಮೇಲೆತ್ತಿ ನಡುಗುತ್ತ ನಿಂತ. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಮುತ್ತವ್ವ, ಗಂಡನನ್ನು ಮಣ್ಣು ಮಾಡಿದ ದಿನದಿಂದ ಆರಾಧನೆಯಲ್ಲಿ ತುಟಿ ಬಿಚ್ಚದವಳು, ತನ್ನ ಜಾಗಕ್ಕೆ ಮರಳುತ್ತ ನಡುದಾರಿಯಲ್ಲಿ ನಿಂತು ಹಾಡತೊಡಗಿದಳು. ಹಳೆಯ ಕೀರ್ತನೆ. ಶ್ರುತಿ ಇರಲಿಲ್ಲ, ತಾಳ ಇರಲಿಲ್ಲ, ಆದರೆ ಗೋಡೆಗಳಿಗೆ ಕಿವಿ ಬಂದ ಹಾಗಿತ್ತು. ಎಲ್ಲರಿಗೂ ಆದಮೇಲೆ ಪದ್ಧತಿಯಂತೆ ಹಿರಿಯನಾದ ದೇವಮಿತ್ರ ಕೊನೆಗೆ ಕುಡಿದ. ನಾಲಿಗೆಯ ತುದಿಯಲ್ಲಿ ಒಂದು ಕಿಡಿ ಇಳಿದು, ಗಂಟಲಿಗೆ ಹಬ್ಬಿ, ಎದೆಯ ತನಕ ಬೆಚ್ಚಗೆ ಹೋಯಿತು. ಅವನು ಅತ್ತುಬಿಟ್ಟ. ಕೈಯಲ್ಲಿ ಬಟ್ಟಲು ಹಿಡಿದುಕೊಂಡೇ, ಹೆಂಡತಿ ಎಸ್ತೇರ ನೋಡುತ್ತಿದ್ದಾಳೆಂದು ಗೊತ್ತಿದ್ದೂ ಅತ್ತ.

ಅವನ ಈ ಅಳುವಿನ ಬೆಲೆ ಅವನೊಬ್ಬನಿಗೇ ಗೊತ್ತು. ಹುಡುಗನಾಗಿದ್ದಾಗಿನಿಂದ ಅವನ ಭಕ್ತಿ ಒಣ ಭಕ್ತಿ. ತಪ್ಪದೆ ಪ್ರಾರ್ಥನೆ ಮಾಡಿದ್ದಾನೆ, ಆದರೆ ಒಂದು ದಿನವೂ ಯಾರೂ ಅವನ ಭುಜ ಮುಟ್ಟಿದ ಹಾಗೆ ಆಗಿರಲಿಲ್ಲ. ಅದನ್ನು ಅವನು ದೂರಾಗಿ ಹೇಳಿಕೊಂಡವನೂ ಅಲ್ಲ. ನಂಬಿಕೆ ಅಂದರೆ ರೋಮಾಂಚನವಲ್ಲ, ನಿಂತ ಜಾಗದಲ್ಲಿ ನಿಂತಿರುವುದು ಎಂದು ಭಾನುವಾರದ ಶಾಲೆಯ ಮಕ್ಕಳಿಗೆ ಹೇಳಿಕೊಟ್ಟಿದ್ದ. ಹಾಗಾಗಿಯೇ ಕೀಬೋರ್ಡು, ಡ್ರಮ್ಮು, ಪ್ರೊಜೆಕ್ಟರಿನ ಮೇಲೆ ಹರಿದಾಡುವ ಹಾಡಿನ ಸಾಲು, ಕಣ್ಣು ಮುಚ್ಚಿ ತೂಗಾಡುವ ಮಂದಿ ಇವನ್ನೆಲ್ಲ ಅವನು ಒಲ್ಲೆ ಅಂದ. ಎಣ್ಣೆ ಹಚ್ಚಿ ಕ್ಯಾನ್ಸರು ವಾಸಿಮಾಡುತ್ತೇನೆ ಎನ್ನುವ ಬೋಧಕರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಹೋದ ವರ್ಷ ಕುಪ್ಪೇಲೂರಿನಲ್ಲಿ ಒಂದು ಮನೆಯ ಪ್ರಾರ್ಥನೆಗೆ ಮಂದಿ ನುಗ್ಗಿ, ಮತಾಂತರದ ಕೇಸು ಅಂತ ಪೊಲೀಸರು ಬಂದಾಗ, ಠಾಣೆಯಲ್ಲಿ ಆ ಮನೆಯವರ ಪಕ್ಕ ಬೆಂಚಿನ ಮೇಲೆ ದಿನವಿಡೀ ಕೂತವನು ದೇವಮಿತ್ರ. ಯಾರ ಮನೆಯಲ್ಲಿ ಯಾರು ಪ್ರಾರ್ಥನೆ ಮಾಡಬೇಕೆಂದು ಸರಕಾರ ಕೇಳುವುದು ತಪ್ಪು ಎಂದು ಅವನು ಸಬ್ ಇನ್ಸ್‌ಪೆಕ್ಟರ ಮುಂದೆ ಮೆತ್ತಗೆ ಆದರೆ ಬಿಡದೆ ಹೇಳಿದ್ದ. ಹೊರಬಂದ ಮೇಲೆ ಆ ಮನೆಯವನಿಗೂ ಹೇಳಿದ್ದ: ನಿನ್ನ ಎಮ್ಮೆಯ ಕಾಲು ಪ್ರಾರ್ಥನೆಯಿಂದ ನೆಟ್ಟಗಾಯಿತು ಅಂತ ಊರೆಲ್ಲ ಸಾರಿಕೊಂಡು ಬಂದೆಯಲ್ಲ, ದನದ ಡಾಕ್ಟರ ಇಂಜೆಕ್ಷನ್ನಿನ ಸುದ್ದಿ ಯಾಕೆ ಬಿಟ್ಟೆ? ಆ ದಿನ ಎರಡೂ ಕಡೆಯವರು ಅವನ ಮೇಲೆ ಮುನಿಸಿಕೊಂಡರು. ಸಭೆಯ ಜಾಗದಲ್ಲಿ ಅಂಗಡಿ ಸಾಲು ಕಟ್ಟಬೇಕೆನ್ನುವವರೂ ಬೇಡವೆನ್ನುವವರೂ ಹಾವೇರಿಯ ಕೋರ್ಟಿಗೆ ಹೋದಾಗಲೂ ಹೀಗೇ ಆಯಿತು. ತನ್ನ ಕಡೆಯವರೇ ಕರೆದೊಯ್ದ ಸಾಕ್ಷಿಯಾಗಿದ್ದರೂ, ಆ ಜಾಗದ ಮೂಲೆಯ ನೆಲದ ಪಟ್ಟಿ ಮೊದಲಿನಿಂದ ನಮ್ಮದಲ್ಲ, ಪಕ್ಕದ ಅಜೀಮನ ಅಜ್ಜಂದು ಎಂದು ಕಟಕಟೆಯಲ್ಲಿ ಹೇಳಿಬಂದ. ಅವತ್ತು ವಾಪಸು ಬರುವಾಗ ಯಾರೂ ಅವನನ್ನು ಕಾರಿನಲ್ಲಿ ಹತ್ತಿಸಿಕೊಳ್ಳಲಿಲ್ಲ. ಸ್ಟೇಶನ್ನಿಗೆ ನಡೆದು ಹೋಗಿ ಪ್ಯಾಸೆಂಜರ್ ಗಾಡಿಯಲ್ಲಿ ನಿಂತುಕೊಂಡು ಊರು ಸೇರಿದ್ದ. ನಿಂತ ಜಾಗದಲ್ಲಿ ನಿಂತಿರುವುದು. ಆದರೆ ನಿನ್ನೆ, ಬಟ್ಟಲು ಹಿಡಿದು ಅತ್ತಾಗ, ಇಷ್ಟು ವರ್ಷ ಬಾಗಿಲ ಹೊರಗೇ ನಿಲ್ಲಿಸಿಕೊಂಡಿದ್ದ ಯಜಮಾನ ಕೊನೆಗೂ ಹೆಸರು ಹಿಡಿದು ಒಳಗೆ ಕರೆದ ಹಾಗಾಗಿತ್ತು.

ಮೋಟೆಬೆನ್ನೂರು ದಾಟಿದ ಮೇಲೆ ಬಿಸಿಲು ಕಿಟಕಿಯೊಳಗೆ ಬಂತು. ಕತ್ತಿನಲ್ಲಿ ಬೆವರು. ನಗುತ್ತಲೇ, ಹೊರಗೆ ನೋಡುತ್ತಲೇ, ಚೀಲಕ್ಕೆ ಕೈ ಹಾಕಿ ಸಿಕ್ಕ ಬಟ್ಟೆಯಿಂದ ಮುಖ ಒರೆಸಿಕೊಂಡ. ಅದು ಕರವಸ್ತ್ರವಾಗಿರಲಿಲ್ಲ, ಭೋಜನಕ್ಕೆಂದು ಮನೆಯಲ್ಲಿ ಕಾಸಿದ ದ್ರಾಕ್ಷಾರಸವನ್ನು ಶನಿವಾರ ಸೋಸಲು ಲ್ಯಾಬಿನಿಂದ ತಂದಿದ್ದ ಬಿಳಿಯ ತೆಳು ಬಟ್ಟೆ. ಮನೆಯ ಹಳೆಯ ಬಟ್ಟೆ ಹರಿದಿತ್ತೆಂದು ಇದನ್ನು ತಂದು, ಎಸ್ತೇರಳಿಂದ ತೊಳೆಸಿ ಒಣಗಿಸಿ, ಲ್ಯಾಬಿನ ಸಾಮಾನು ಲ್ಯಾಬಿಗೇ ಸೇರಬೇಕೆಂದು ಚೀಲದಲ್ಲಿಟ್ಟುಕೊಂಡಿದ್ದ. ಬಸ್ಸು ಬ್ಯಾಡಗಿಯ ಕಮಾನು ಸೇರುವಷ್ಟರಲ್ಲಿ ಎಡಗಣ್ಣಿನ ಕೆಳಗೆ ಚುರುಚುರು ಅಂದಿತು. ಬೆರಳಿಂದ ಉಜ್ಜಿದ. ಉರಿ ಹೆಚ್ಚಾಗಿ ಕಣ್ಣಲ್ಲಿ ನೀರು ಬಂತು. ಆ ನೀರಿಗೆ ನಿನ್ನೆಯ ನೀರಿನ ಗುರುತು ಸಿಕ್ಕಿತು. ಅವನ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ಒಳಗಿನಿಂದ ಮಾತ್ರ ಯಾರೋ ಎದ್ದು ಹೋದ ಹಾಗಾಗಿತ್ತು. ಪಕ್ಕದವನು ಈಗ ಮತ್ತೊಮ್ಮೆ ತಿರುಗಿ ನೋಡಿ, ಯಾಕ್ರೀ ಯಜಮಾನ್ರ, ಆರಾಮ ಇಲ್ಲೇನು ಎಂದು ಕೇಳಿದ. ಖಾರ, ಎಂದ ದೇವಮಿತ್ರ.

ಲ್ಯಾಬಿನಲ್ಲಿ ಅವನು ಮೊದಲು ಮಾಡಿದ್ದು ಅವಸರಪಡದೆ ಇದ್ದದ್ದು. ಬಟ್ಟೆಯ ಒಂದು ಮೂಲೆ ಕತ್ತರಿಸಿ ಬಿಸಿ ಸಕ್ಕರೆ ನೀರಿನಲ್ಲಿ ನೆನೆಹಾಕಿದ. ಪಕ್ಕದಲ್ಲಿ ಬರೀ ಸಕ್ಕರೆ ನೀರಿನ ಇನ್ನೊಂದು ಲೋಟ ಇಟ್ಟ. ಎರಡೂ ಕಣ್ಣಿಗೆ ಒಂದೇ ಥರ. ಬಣ್ಣ ಅಳೆಯುವ ಯಂತ್ರಕ್ಕೆ ಒಡ್ಡಿದರೂ ಒಂದೇ ಥರ. ಬ್ಯಾಡಗಿಯ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಈ ಊರಿನಲ್ಲಿ ಕೆಲಸ ಮಾಡುವವನ ಕಣ್ಣು ಖಾರವನ್ನೂ ಬಣ್ಣದಲ್ಲೇ ಹುಡುಕುತ್ತದೆ. ಕೆಂಪಿದ್ದರೆ ಕಾಯಿ ಮುಟ್ಟಿದೆ, ಬೆಳ್ಳಗಿದ್ದರೆ ಮುಟ್ಟಿಲ್ಲ. ಶುಕ್ರವಾರ ಕಪಾಟು ತೆಗೆದು ಈ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಹಾಲಿನ ಹಾಗೆ ಬಿಳಿ ಇದೆ ಎಂದು ಮಡಚಿಕೊಂಡವನು ತಾನೇ. ಹೊಸಬ ಹುಡುಗನಾದರೂ ಮೂಸಿ ನೋಡುತ್ತಿದ್ದ. ಲ್ಯಾಬಿನಲ್ಲಿ ಖಾರವನ್ನು ನಾಲಿಗೆಯಿಂದ ಪರೀಕ್ಷಿಸುವ ಕೆಲಸ ಜಾವೇದನದು. ದೇವಮಿತ್ರ ಏನೂ ಹೇಳದೆ ಎರಡೂ ಲೋಟ ಅವನ ಮುಂದಿಟ್ಟ. ಜಾವೇದ ಒಂದೊಂದನ್ನೇ ಬಾಯಿಗೆ ಹಾಕಿ ಉಗುಳಿ, ಎರಡನೆಯದಕ್ಕೆ ನಾಲಿಗೆ ಹೊರಚಾಚಿ ಗಾಳಿ ಎಳೆದುಕೊಂಡ.

"ಎಡಗಡಿದು ಬರೇ ಸಕ್ಕರಿ ನೀರು ಸರ್ರ. ಬಲಗಡಿದು ಗುಂಟೂರು. ಬ್ಯಾಡಗಿ ಹಿಂಗ ಒದಿಯೂದಿಲ್ಲ."

ಬಟ್ಟೆ ತೋರಿಸಿದಾಗ ಅವನಿಗೆ ನೆನಪಾಯಿತು. ಹೋದ ತಿಂಗಳು ಗುಂಟೂರಿನ ಕಾಯಿಯ ಎಣ್ಣೆಯಿಂದ ಬಣ್ಣವನ್ನೆಲ್ಲ ಬೇರೆ ತೆಗೆದ ಮೇಲೆ ಉಳಿದ ಖಾರದ ಭಾಗವನ್ನು ಇದರಲ್ಲೇ ಸೋಸಿದ್ದ; ಸಾಬೂನು ಹಾಕಿ ತೊಳೆದು ಕಪಾಟಿನಲ್ಲಿಟ್ಟಿದ್ದ. ಬಣ್ಣವೇ ಇರದ ಖಾರ, ಕಲೆ ಎಲ್ಲಿ ಬೀಳಬೇಕು? ದೇವಮಿತ್ರ ಸ್ಟೂಲಿನ ಮೇಲೆ ಕೂತು ನಿನ್ನೆಯದನ್ನೆಲ್ಲ ಹೇಳಿದ. ಜಾವೇದ ಮೊದಲು ಬಾಯಿ ಮುಚ್ಚಿಕೊಂಡು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಇವನ ಮುಖ ನೋಡಿ ನಗು ನಿಲ್ಲಿಸಿ ಪಕ್ಕದಲ್ಲಿ ಕೂತ. ಹಿರಿಯರಿಗೆ ಸಮಾಧಾನ ಹೇಳಿ ರೂಢಿಯಿಲ್ಲದವನ ಹಾಗೆ ಲೋಟಗಳನ್ನು ಅತ್ತಿತ್ತ ಸರಿಸಿದ.

"ಸುಮ್ನ ಇದ್ದುಬಿಡ್ರಿ ಸರ್ರ," ಎಂದ. "ಮಂದಿ ಖುಷಿ ಅದಾರ. ಖುಷಿಗೆ ಲ್ಯಾಬ್ ರಿಪೋರ್ಟ್ ಯಾಕ ಬೇಕು?"

ಮಧ್ಯಾಹ್ನದ ತನಕ ದೇವಮಿತ್ರ ಆ ಮಾತನ್ನು ಹಲ್ಲಿಗೆ ಸಿಕ್ಕ ನಾರಿನ ಹಾಗೆ ನಾಲಿಗೆಯಿಂದ ತಡಕುತ್ತ ಕೂತ. ಸುಮ್ಮನಿದ್ದರೆ ಏನೆಲ್ಲ ಉಳಿಯುತ್ತದೆ. ಮಾಂತೇಶ ಮತ್ತು ಅವನ ಜೊತೆಯ ಹತ್ತಾರು ಮನೆಗಳವರು ಬರುವ ಭಾನುವಾರದಿಂದ ಸಭೆ ಬಿಟ್ಟು ಹಲಗೇರಿ ರಸ್ತೆಯ ಪ್ರಾರ್ಥನೆಯ ಹಾಲಿಗೆ ಹೋಗುವವರಿದ್ದರು. ಹಾವೇರಿಯಿಂದ ಬರುವ ಬೋಧಕನೊಬ್ಬ ಅಲ್ಲಿ ಎಣ್ಣೆ ಹಚ್ಚಿ ಕೈಯಿಟ್ಟು ಗುಣಪಡಿಸುತ್ತಾನೆ. ಹಾಲಿನ ಕೀಲಿಕೈ ಮಾಂತೇಶನ ಜೇಬಿನಲ್ಲೇ ಇತ್ತು. ಒಣಗಿದ ಬಾವಿಯ ಮುಂದೆ ಕೊಡ ಹಿಡಕೊಂಡು ಎಷ್ಟು ದಿನ ನಿಲ್ಲೋದು ಎಂದು ಅವನು ಹೋದ ವಾರ ದೇವಮಿತ್ರನ ಮುಖಕ್ಕೇ ಹೇಳಿದ್ದ. ನಿನ್ನೆ ಆರಾಧನೆ ಮುಗಿದ ಮೇಲೆ ಅದೇ ಬಾಯಲ್ಲಿ, ಬೆಂಕಿ ಇಲ್ಲೇ ಬಿದ್ದ ಮ್ಯಾಲ ಇನ್ನೆಲ್ಲಿಗೆ ಹೋಗೋದು, ಕೀಲಿಕೈ ವಾಪಸ್ ಕೊಡ್ತೇನಿ ಅಂದ. ಸಭೆ ಒಡೆಯಬಾರದೆಂದು ದೇವಮಿತ್ರ ತಿಂಗಳುಗಟ್ಟಲೆ ಮಾಡಿದ ಪ್ರಾರ್ಥನೆ ಹೀಗೆ ಉತ್ತರ ಪಡೆದಿತ್ತು, ಒಂದು ಬಟ್ಟೆಯ ತುಂಡಿನಿಂದ. ಬೈಬಲ್ಲಿನಲ್ಲಿ ದೇವರು ಕತ್ತೆಯ ಬಾಯಿಂದಲೂ ಮಾತಾಡಿಸಿದವನಲ್ಲವೇ, ಗುಂಟೂರಿನ ಖಾರದಿಂದ ಯಾಕೆ ಮಾಡಿಸಬಾರದು? ಈ ವಾದ ಅವನಿಗೆ ಎಷ್ಟು ರುಚಿಸಿತೆಂದರೆ ಎದ್ದು ಓಡಾಡಿದ. ಆಗ ಸಭಾಪಾಲಕರ ಫೋನು ಬಂತು. ಸಂಜೆ ಮುತ್ತವ್ವನ ಮನೆಯಲ್ಲಿ ಕೃತಜ್ಞತೆಯ ಕೂಟ. ಮಾಂತೇಶ ಎಲ್ಲರ ಸಾಕ್ಷಿಯನ್ನೂ ವಿಡಿಯೋ ಮಾಡುತ್ತಾನಂತೆ. ಕೊಪ್ಪದ ಸರ್ ಅತ್ತದ್ದನ್ನು ಎಲ್ಲರೂ ನೋಡಿದ್ದಾರೆ, ಅವರೇ ಮೊದಲು ಮಾತಾಡಲಿ, ಅವರು ಹೇಳಿದರೆ ನಂಬದವರೂ ನಂಬುತ್ತಾರೆ ಅಂತ ಎಲ್ಲರ ಅಭಿಪ್ರಾಯ. ನಂಬದವರೂ ನಂಬುತ್ತಾರೆ. ಫೋನು ಇಟ್ಟ ಮೇಲೆ ಅವನಿಗೆ ಹಿಂದೊಮ್ಮೆ ಒಬ್ಬ ವ್ಯಾಪಾರಿ ತಂದಿದ್ದ ಮೆಣಸಿನಕಾಯಿ ಕಣ್ಣ ಮುಂದೆ ಬಂತು. ಎಂಥ ಕೆಂಪು! ತೇವದ ಬೆರಳಿಂದ ಮುಟ್ಟಿದರೆ ಬೆರಳಿಗೂ ಕೆಂಪು. ಮೇಲೆ ಬಣ್ಣ ಬಳಿದಿದ್ದರು. ಅವನು ಫೇಲ್ ಎಂದು ಬರೆದ. ವ್ಯಾಪಾರಿ ಅವನಿಗೆ 'ಪಾದ್ರಿ' ಎಂದು ಅಡ್ಡಹೆಸರಿಟ್ಟು ಹೋದ. ಅದು ಬ್ಯಾಡಗಿ ಪೇಟೆಯಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಅವತ್ತು ಅವನು ಮನಸ್ಸಿನಲ್ಲಿ ಅಂದುಕೊಂಡಿದ್ದ: ಸಪ್ಪೆ ಕಾಯಿ ತಪ್ಪು ಮಾಡಿಲ್ಲ, ಅದಕ್ಕೆ ಬಿಸಿಲು ಸಾಲಲಿಲ್ಲ ಅಷ್ಟೇ, ಬಳಿದ ಕಾಯಿ ತಪ್ಪು. ತನ್ನ ಒಣ ಭಕ್ತಿಯ ಪರವಾಗಿ ಅವನಿಗೆ ಇದ್ದ ಒಂದೇ ವಕೀಲ ಆ ಮಾತು. ಅದನ್ನೂ ಇವತ್ತು ಮಾರಿಕೊಂಡರೆ ಕೈಯಲ್ಲಿ ಏನುಳಿಯುತ್ತದೆ? ಆದರೆ ಮುತ್ತವ್ವ. ಅವಳ ಬಾಯಿಂದ ಹಾಡನ್ನು ಕಿತ್ತುಕೊಳ್ಳುವ ಹಕ್ಕು ಯಾವ ಸತ್ಯಕ್ಕಿದೆ?

ಮನೆಗೆ ಬಂದಾಗ ಎಸ್ತೇರ ಅಂಗಳದಲ್ಲಿ ಬಟ್ಟೆ ಮಡಚುತ್ತಿದ್ದಳು. ಗಂಡ ಕೈಕಾಲು ತೊಳೆಯದೆ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಒದರಿದಾಗ ಅವಳು ಒಂದು ಸೆರಗಿನ ಮಡಿಕೆಯನ್ನು ಅರ್ಧಕ್ಕೇ ಬಿಟ್ಟು ನಿಂತಳು. ರಸ ಕಾಸಿ ಸೋಸಿದ ಮೇಲೆ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದ್ದರೆ ಇದೆಲ್ಲ ಆಗುತ್ತಿತ್ತೇ ಎಂದು ಕೇಳಿದಳು. ರುಚಿ ನೋಡಬಾರದೇ ಎಂದು ಅವಳು ಪ್ರತಿ ತಿಂಗಳೂ ಕೇಳುತ್ತಿದ್ದಳು. ಪ್ರತಿ ತಿಂಗಳೂ ಅವನ ಉತ್ತರ ಒಂದೇ: ಕರ್ತನಿಗೆಂದು ತೆಗೆದಿಟ್ಟದ್ದನ್ನು ಆಶೀರ್ವಾದಕ್ಕೆ ಮೊದಲು ಯಾರೂ ನಾಲಿಗೆಗೆ ಮುಟ್ಟಿಸಬಾರದು. ಅವನ ಅವ್ವ ಸಾಯುವ ತನಕ ಈ ರಸ ಕಾಸಿದವಳು, ಅಡುಗೆಮನೆಯ ಬಾಗಿಲು ಹಾಕಿಕೊಂಡು, ತಲೆಗೆ ಸೆರಗು ಹೊದ್ದು, ಮಗ ಇಣುಕಿದರೆ ಸೌಟು ತೋರಿಸಿ ಓಡಿಸುತ್ತಿದ್ದಳು. ಒಲೆಯ ಬೆಳಕಿನಲ್ಲಿ ಅವಳ ಮುಖ ಅವನಿಗೆ ಚರ್ಚಿನ ಬಣ್ಣದ ಗಾಜಿನ ಕಿಟಕಿಗಿಂತ ದೊಡ್ಡದು.

"ಇದು ಯಾವ ವಚನದಾಗ ಐತ್ರಿ?" ಎಂದಳು ಎಸ್ತೇರ. "ಅತ್ತಿಯವರು ಇದಕ್ಕ ಮೀಸಲಾ ಅಂತಿದ್ರು. ಅವರ ಅಜ್ಜಿ ಎಲ್ಲವ್ವಗ ಎಡಿ ಮಾಡೂ ಮುಂದ ಹಿಂಗ ಬಾಗಲಾ ಹಾಕ್ಕೊಂಡು ಕುಂದರತಿದ್ಲಂತ. ನನಗ ಅವರ ಹೇಳ್ಯಾರ."

ದೇವಮಿತ್ರ ಅಡುಗೆಮನೆಯ ಬಾಗಿಲ ಕಡೆ ತಿರುಗಿ ನೋಡಿದ. ಸಭೆಯ ವಾರ್ಷಿಕೋತ್ಸವದಲ್ಲಿ ಹಿತ್ತಾಳೆಯ ದೀಪ ಹಚ್ಚಬೇಕೆಂದವರ ವಿರುದ್ಧ ಇಡೀ ಒಂದು ತಾಸು ಮಾತಾಡಿದವನು, ಹೊಸ ಗೇಟಿಗೆ ತೆಂಗಿನಕಾಯಿ ಒಡೆದ ಗುತ್ತಿಗೆದಾರನನ್ನು ಗದರಿಸಿ ಕಳಿಸಿದವನು, ತಾನೇ ಕರ್ತನ ಭೋಜನದ ಒಲೆಯ ಮುಂದೆ ಎಲ್ಲವ್ವನ ನೇಮ ಪಾಲಿಸುತ್ತ ಬಂದಿದ್ದ, ಅದೂ ಅತಿ ಶುದ್ಧ ಕ್ರೈಸ್ತ ಪದ್ಧತಿ ಎಂಬ ಬಿಗುವಿನಲ್ಲಿ. ನಾಚಿಕೆಯಾಗಬೇಕಿತ್ತು. ಆದರೆ ಬಂದದ್ದು ಬೇರೆ ಏನೋ. ಅವ್ವ, ಅವ್ವನ ಅಜ್ಜಿ, ಅವಳಿಗೂ ಹಿಂದಿನವರು, ಒಬ್ಬರ ಹಿಂದೆ ಒಬ್ಬರು ತಲೆಗೆ ಸೆರಗು ಹೊದ್ದು ಒಲೆಯ ಮುಂದೆ ಕೂತದ್ದು ಕಂಡು, ಅವರೆಲ್ಲ ಒಳ್ಳೆಯದನ್ನು ದೇವರಿಗೆ ಮೊದಲು ಕೊಡಬೇಕೆಂದು ಹಸಿವು ತಡೆದು ಕೂತವರೇ ಅನ್ನಿಸಿತು. ಎಲ್ಲಿಂದ ಬಂದರೇನು, ಆ ತಡೆಯುವಿಕೆ ಸುಳ್ಳಲ್ಲ. ಸುಳ್ಳಾಗುವುದು ಇವತ್ತು ಸಂಜೆ, ತಾನು ಬಾಯಿ ಮುಚ್ಚಿಕೊಂಡು ಕೂತರೆ. ಹಾಗೆಂದು ಎಸ್ತೇರಳಿಗೆ ಹೇಳಲಿಲ್ಲ. ನೀರು ಕಾಯಿಸು, ಮುಖ ತೊಳೀತೇನಿ ಅಂದ. ಅವಳು, ಸಾಬೂನು ಹಚ್ಚಿ ತೊಳೀರಿ, ಇಲ್ಲಾಂದ್ರ ಅಲ್ಲೂ ಅತ್ತು ಕೆಡಸ್ತೀರಿ ಎಂದು ಒಳಗೆ ಹೋದಳು.

ಮುತ್ತವ್ವನ ಮನೆ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಒಂದೇ ಕೋಣೆ, ಮುಂದೊಂದು ಪಡಸಾಲೆ. ಜಮಖಾನೆಯ ಮೇಲೆ ಮಂದಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಮುತ್ತವ್ವ ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು. ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಮೊಬೈಲು ನಿಲ್ಲಿಸಿ ಮಾಂತೇಶ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಹೊಸ ಅಂಗಿ, ಹೊಸ ಕ್ಷೌರ. ದೇವಮಿತ್ರನನ್ನು ಕಂಡು ಓಡಿ ಬಂದು ಕೈ ಹಿಡಿದು ಮುಂದೆ ಕೂಡಿಸಿದ; ಎಷ್ಟೋ ವರ್ಷಗಳಲ್ಲಿ ಅವನು ತನ್ನನ್ನು ಮುಟ್ಟಿದ್ದು ಇದೇ ಮೊದಲು ಎಂದು ದೇವಮಿತ್ರನಿಗೆ ಅನ್ನಿಸಿತು. ಎಲ್ಲರ ಮುಖದಲ್ಲಿ ಹಬ್ಬದ ಮರುದಿನದ ಹೊಳಪು. ಇಷ್ಟು ಪ್ರೀತಿ ತನ್ನ ಕಡೆ ತಿರುಗಿ ಕೂತಿರುವಾಗ ಅದರ ಮೇಲೆ ನೀರು ಹಾಕುವುದು ಸತ್ಯವೋ ಅಹಂಕಾರವೋ? ಕೋರ್ಟಿನಲ್ಲಿ ನಿಂತು ಸತ್ಯ ಹೇಳಿದಾಗ ಒಳಗೊಂದು ಸಣ್ಣ ಸಿಹಿ ಇತ್ತು, ನಾನೊಬ್ಬನೇ ಎಂಬ ಸಿಹಿ. ಆ ಸಿಹಿ ಈಗಲೂ ಇದೆಯೋ ಎಂದು ತಡಕಿದ. ಇರಲಿಲ್ಲ. ಇದ್ದದ್ದು ಬರೀ ಹೆದರಿಕೆ. ಅದರಿಂದ ಅವನಿಗೆ ಧೈರ್ಯ ಬಂತು. ಎದ್ದು ನಿಂತ. ವಿಡಿಯೋ ಬಂದ್ ಮಾಡಬೇಕೇನೋ ಎಂದು ಚೇತನಕುಮಾರ, ಇವನ ಮುಖದಲ್ಲಿ ಏನು ಕಂಡನೋ, ಮೆಲ್ಲಗೆ ಕೇಳಿದ. ಇರಲಿ, ನಡೆಯಲಿ ಎಂದ ದೇವಮಿತ್ರ.

"ನಿನ್ನೆ ಬಟ್ಟಲದಾಗ ಉರಿ ಇತ್ತು, ಖರೇ," ಎಂದ. "ಆದರ ಅದು ಮೆಣಸಿನಕಾಯಿ ಉರಿ. ಲ್ಯಾಬಿನ ಬಟ್ಟ್ಯಾಗ ಸೋಸಿದೆ. ಬೆಳ್ಳಗಿತ್ತಂತ ನಂಬಿದೆ. ಇವತ್ತ ಪರೀಕ್ಷಾ ಮಾಡಿ ನೋಡೇನಿ. ತಪ್ಪು ನಂದು."

ಒಲೆಯ ಮೇಲಿನ ಎಣ್ಣೆಯ ಸದ್ದು ಒಳಗಿಂದ ಕೇಳಿಸಿತು. ಮಾಂತೇಶ ಮೊಬೈಲಿನ ಹಿಂದೆ ಬಾಗಿದವನು ಬಾಗಿದ ಹಾಗೇ ಇದ್ದ. ಮುತ್ತವ್ವ ಕೈಯಿಂದ ಸೀರೆಯ ನೆರಿಗೆಯನ್ನು ಸವರುತ್ತ ಸವರುತ್ತ ನಿಲ್ಲಿಸಿದಳು. ತಪ್ಪು ಮನೆಯ ಮದುವೆಗೆ ಸಿಂಗರಿಸಿಕೊಂಡು ಬಂದವಳ ಹಾಗೆ ಸುತ್ತ ನೋಡಿದಳು. ಆ ನೋಟವನ್ನು ತಾನು ಸಾಯುವ ತನಕ ಹೊರಬೇಕಾಗುತ್ತದೆ ಎಂದು ದೇವಮಿತ್ರನಿಗೆ ಗೊತ್ತಾಯಿತು.

"ಹಂಗಾದ್ರ ಸರ," ಎಂದಳು ಅವಳು, "ನಾ ಹಾಡಿದ್ದು?"

ಬಸ್ಸಿನಿಂದ ಇಲ್ಲಿಯ ತನಕ ಇದೊಂದು ಪ್ರಶ್ನೆಗೆ ಅವನು ಉತ್ತರ ಜೋಡಿಸಿಕೊಂಡಿರಲಿಲ್ಲ. ಸಮಾಧಾನದ ಸುಳ್ಳು ನಾಲಿಗೆಯ ಮೇಲೆ ಬಂದು ಕೂತಿತ್ತು. ಅದನ್ನು ಬಿಟ್ಟು, ತನಗೆ ನಿಜವಾಗಿ ಗೊತ್ತಿದ್ದದ್ದು ಏನು ಎಂದು ಹುಡುಕಿದ.

"ಜೀವಮಾನ ಎಲ್ಲಾ ಮೆಣಸಿನಕಾಯಿ ನೋಡೇನಿ ಬೇ ಮುತ್ತವ್ವ. ಖಾರ ತಿಂದವರು ಕೆಮ್ಮತಾರ, ಸೀನತಾರ, ನೀರು ಕೇಳತಾರ. ಹಾಡಿದವರನ್ನ ನಾ ನೋಡಿಲ್ಲ. ಹಾಡು ಎಲ್ಲಿಂದ ಬಂತು ಅಂತ ಅಳಿಯೂ ಯಂತ್ರ ನನ್ನ ಕಡೆ ಇಲ್ಲ."

ಮುತ್ತವ್ವ ಅದನ್ನು ಬಾಯೊಳಗೆ ಹಾಕಿಕೊಂಡು ನೋಡುತ್ತಿರುವವಳ ಹಾಗೆ ಕೂತಳು. ಅಷ್ಟರಲ್ಲಿ ಚೇತನಕುಮಾರ ಕೆಮ್ಮಿ, ತಾನೂ ಒಂದು ಮಾತು ಹೇಳಬೇಕೆಂದ. ನಿನ್ನೆ ಕಣ್ಣು ಮುಚ್ಚಿ ನಿಂತಾಗ ಎಲ್ಲರೂ ದರ್ಶನವಾಯಿತು ಅಂದುಕೊಂಡಿರಿ, ನಾನು ಅಸಿಡಿಟಿ ಅಂದುಕೊಂಡೆ; ಮನೆಗೆ ಹೋಗಿ ಗುಳಿಗೆ ನುಂಗಿ ಮಲಗಿದೆ; ಮಧ್ಯಾಹ್ನ ಎದ್ದು ಮೊಬೈಲು ನೋಡಿದರೆ ನಾನೇ ಪ್ರವಾದಿ ಆಗಿಬಿಟ್ಟಿದ್ದೆ, ಆಮೇಲೆ ಇಲ್ಲ ಅನ್ನಲು ಮನಸ್ಸಾಗಲಿಲ್ಲ ಎಂದ. ಹಿಂದಿನ ಸಾಲಿನಿಂದ ಒಂದು ನಗು ಪುಸಕ್ಕನೆ ಬಂತು. ಅದನ್ನು ಕೆಮ್ಮಿನಲ್ಲಿ ಮುಚ್ಚಲು ನೋಡಿದವಳು ಎಸ್ತೇರ. ಅಲ್ಲಿಂದ ಅದು ಹೆಂಗಸರ ಕಡೆ ಹಬ್ಬಿ, ಗಂಡಸರ ಕಡೆ ದಾಟಿ, ಕೊನೆಗೆ ಮುತ್ತವ್ವನ ಹೊಟ್ಟೆಯನ್ನೂ ಕುಲುಕಿಸಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಗಂಡ ಇದ್ದಿದ್ರ ಹಾಡು ಕೇಳಿ ಅವನೂ ಕೆಮ್ಮತಿದ್ದ ಅಂದಳು.

ಮಾಂತೇಶ ಮಾತ್ರ ನಗಲಿಲ್ಲ. ಮೊಬೈಲು ಬಂದ್ ಮಾಡಿ ಜೇಬಿಗೆ ಹಾಕಿದ. ಅದೇ ಜೇಬಿನಿಂದ ಕೀಲಿಕೈ ತೆಗೆದು ಅಂಗೈಯಲ್ಲಿ ಹಿಡಿದು ನಿಂತ. ನಗು ತಾನಾಗಿ ತಗ್ಗಿತು.

"ನೀವು ಸುಮ್ನಿದ್ದಿದ್ರ ನಾವು ಇಲ್ಲೇ ಇರ್ತಿದ್ವಿ ಸರ್ರ."

"ಗೊತ್ತೈತಿ."

"ಗೊತ್ತಿದ್ದೂ ಹೇಳಿದ್ರಿ." ಅವನು ಕೀಲಿಕೈಯನ್ನು ತಿರುಗಿಸಿ ನೋಡಿದ. "ಆ ಹಾಲಿನಾಗ ವಾರಾ ವಾರಾ ಎಣ್ಣಿ ಹಚ್ಚತಾರ. ಸೋಮವಾರ ಬಂದು, ಇದು ಬರೇ ಎಣ್ಣಿ ಇತ್ತಪಾ ಅಂತ ಒಬ್ಬನರ ಹೇಳ್ಯಾನೇನು?" ಕೀಲಿಕೈಯನ್ನು ಚೇತನಕುಮಾರನ ಮುಂದೆ ಜಮಖಾನೆಯ ಮೇಲೆ ಇಟ್ಟ. "ಇದನ್ನ ನೀವ ಕೊಟ್ಟು ಬರ್ರಿ, ನನಗ ನಾಚಿಕಿ ಬರ್ತೈತಿ. ಆದ್ರ ಕೀಬೋರ್ಡ್ ಮಾತ್ರ ಬೇಕ ಬೇಕು."

"ಬ್ಯಾಡ," ಎಂದ ದೇವಮಿತ್ರ.

"ಬೇಕು."

ಆ ಜಗಳ ಮುಂದಿನ ಮೀಟಿಂಗಿಗೆ ಇರಲಿ ಎಂದು ಸಭಾಪಾಲಕ ನಡುವೆ ಬಂದ. ಒಳಗಿನಿಂದ ಮುತ್ತವ್ವನ ಸೊಸೆ ದೊಡ್ಡ ತಾಟಿನಲ್ಲಿ ಮಂಡಕ್ಕಿ ತಂದಿಟ್ಟಳು. ಅದರ ಹಿಂದೆಯೇ ಆಗ ಕರಿದ ಮೆಣಸಿನಕಾಯಿ ಬಜ್ಜಿ. ಹೊರಗೆ ಏನು ನಡೆಯಿತೆಂದು ತಿಳಿಯದ ಆ ಹುಡುಗಿ, ಮಂದಿ ಬಜ್ಜಿ ನೋಡಿ ಯಾಕೆ ಹೀಗೆ ಬಿದ್ದು ಬಿದ್ದು ನಗುತ್ತಾರೆಂದು ಗಾಬರಿಯಾಗಿ ತಾಟು ಹಿಡಿದು ನಿಂತಿದ್ದಳು. ತಿನ್ನುವ ಮೊದಲು ಪ್ರಾರ್ಥನೆ ಆಗಬೇಕು, ಅದನ್ನು ಕೊಪ್ಪದ ಸರ್ ಮಾಡಬೇಕು ಎಂದಳು ಮುತ್ತವ್ವ. ದೇವಮಿತ್ರನ ಪ್ರಾರ್ಥನೆ ಸಭೆಯಲ್ಲಿ ಹೆಸರುವಾಸಿ. ಉದ್ದ, ಗ್ರಾಂಥಿಕ, ಒಂದು ಪದ ಹೆಚ್ಚಿಲ್ಲ ಕಡಿಮೆಯಿಲ್ಲ. ಅದು ಮುಗಿಯುವುದರೊಳಗೆ ಚಹಾ ಆರಿರುತ್ತದೆಂದು ಹುಡುಗರು ಆಡಿಕೊಳ್ಳುತ್ತಾರೆ. ಅವನು ಕೈ ಜೋಡಿಸಿ, ಕಣ್ಣು ಮುಚ್ಚಿ, ಗಂಟಲು ಸರಿಪಡಿಸಿಕೊಂಡ. ಸರ್ವಶಕ್ತನೂ ಪರಿಶುದ್ಧನೂ ಆದ ದೇವರೇ, ಎಂದ. ನಿನ್ನ ಸನ್ನಿಧಾನದಲ್ಲಿ ಅಯೋಗ್ಯರಾದ ನಾವು, ಎಂದ. ಆ ಅಯೋಗ್ಯರಾದ ಎಂಬಲ್ಲಿ ಹೊಟ್ಟೆಯ ಬುಡದಿಂದ ಏನೋ ಎದ್ದಿತು. ಅವನು ಅದನ್ನು ನುಂಗಿದ. ಅದು ಮತ್ತೆ ಎದ್ದಿತು. ಬಣ್ಣ ನೋಡಿ ನಂಬಿದ ಕೆಮಿಸ್ಟು, ಗುಳಿಗೆ ನುಂಗಿದ ಪ್ರವಾದಿ, ಇವರ ಕೈಗೆ ತನ್ನ ಬಟ್ಟಲು ಕೊಟ್ಟು ಮೇಲೆ ಕೂತಿರುವ ದೇವರ ತಾಳ್ಮೆ ಒಮ್ಮೆಲೇ ಅವನಿಗೆ ಕಂಡಿತು. ಪ್ರಾರ್ಥನೆಯ ನಟ್ಟನಡುವೆ, ಜನ್ಮದಲ್ಲಿ ಮೊದಲ ಸಲ, ದೇವಮಿತ್ರ ಕೊಪ್ಪದ ಕಣ್ಣು ಮುಚ್ಚಿಕೊಂಡೇ ಜೋರಾಗಿ ನಕ್ಕುಬಿಟ್ಟ. ಭುಜ ಕುಣಿಯುತ್ತಿತ್ತು, ನಗು ನಿಲ್ಲಲೊಲ್ಲದು, ಮುಂದಿನ ಪದ ಸಿಗಲೊಲ್ಲದು. ಸುತ್ತ ಎಲ್ಲರೂ ಕಣ್ಣು ಮುಚ್ಚಿಕೊಂಡೇ ನಗುತ್ತಿರುವುದು ಅವನಿಗೆ ಕೇಳಿಸುತ್ತಿತ್ತು. ಯಾರೂ ಕಣ್ಣು ತೆರೆಯಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಬಜ್ಜಿ ಆರುತ್ತದೆಂದು ಬಹಳ ಹೊತ್ತಿನ ಮೇಲೆ ಮುತ್ತವ್ವನೇ ಅವನ ಪರವಾಗಿ ಆಮೆನ್ ಅಂದಳು.